ಎರಡು ವರ್ಷ ಸದ್ದು ಅಳೆದೆ: ಹಾರ್ನ್, ಜೀರುಂಡೆ ಮತ್ತು ಭಾವನ ಮಲಗುವ ಕೋಣೆ

ಭಾವ ಶಿವಮೊಗ್ಗದ ಸಾಗರ ರಸ್ತೆ ಕಡೆ ಸೈಟ್ ತಗೊಂಡು ಮನೆ ಕಟ್ಟಲು ಹೊರಟಾಗ ನನಗೆ ಈ ಹುಚ್ಚು ಹತ್ತಿದ್ದು. ಮಲಗುವ ಕೋಣೆ ರಸ್ತೆ ಬದಿಗೇ ಇರಲಿ, ಗಾಳಿ ಬರುತ್ತೆ ಅಂತ ಅವರ ಹಟ. ನಿದ್ದೆ ಬರಲ್ಲ ಅಂತ ನನ್ನ ವಾದ. ಬಾಯಿಮಾತಲ್ಲಿ ಬಗೆಹರಿಯಲಿಲ್ಲ. ಫೋನಿಗೆ ನಾಯ್ಸ್‌ಕ್ಯಾಪ್ಚರ್ ಆಪ್, ಲ್ಯಾಪ್‌ಟಾಪ್‌ಗೆ ನಾಯ್ಸ್‌ಮಾಡೆಲಿಂಗ್ ಹಾಕಿಕೊಂಡೆ. ಎರಡೂ ಫ್ರಾನ್ಸಿನ ಸಂಶೋಧಕರು ಮಾಡಿದ್ದು, ಎರಡೂ ಪುಕ್ಕಟೆ. ಒಂದು ಸದ್ದನ್ನು ಅಳೆಯುತ್ತದೆ, ಇನ್ನೊಂದು ಲೆಕ್ಕ ಹಾಕಿ ನಕ್ಷೆ ಬಿಡಿಸುತ್ತದೆ.

ಆಪ್ ಸಲೀಸು. ಫೋನ್ ಹಿಡಿದು ನಡೆದರೆ ಸಾಕು, ದಾರಿಯುದ್ದಕ್ಕೂ ಬಣ್ಣದ ಚುಕ್ಕಿ ಇಡುತ್ತಾ ಹೋಗುತ್ತದೆ. ಆದರೆ ಫೋನಿನ ಮೈಕ್ ಮಾತಾಡಲು ಮಾಡಿದ್ದು, ಅಳೆಯಲು ಅಲ್ಲ. ಗೆಳೆಯನ ಸೌಂಡ್ ಮೀಟರ್ ಪಕ್ಕ ಇಟ್ಟು ನೋಡಿದರೆ ನನ್ನದು 5 ಡೆಸಿಬಲ್ ಕಮ್ಮಿ ತೋರಿಸುತ್ತಿತ್ತು. ಆ ವ್ಯತ್ಯಾಸವನ್ನು ಸೆಟ್ಟಿಂಗ್ಸ್‌ನಲ್ಲಿ ಸರಿಪಡಿಸಬಹುದು. ಅದನ್ನು ಮಾಡದೆ ಅಳೆದ ಮೊದಲ ತಿಂಗಳ ಲೆಕ್ಕವೆಲ್ಲ ನೀರಲ್ಲಿ ಹೋಮ.

ಆಪ್ ತೋರಿಸುವ ಸರಾಸರಿ ನಮ್ಮ ಶಾಲೆ ಸರಾಸರಿ ಅಲ್ಲ. ಒಂದು ನಿಮಿಷದಲ್ಲಿ 59 ಸೆಕೆಂಡ್ 50 ಡೆಸಿಬಲ್ ಇದ್ದು, ಒಂದೇ ಸೆಕೆಂಡ್ 90ರ ಹಾರ್ನ್ ಬಿತ್ತು ಅಂದುಕೊಳ್ಳಿ. ಸರಾಸರಿ 51 ಬರಬೇಕು ಅಲ್ವಾ? ಬರುವುದು 72. ಡೆಸಿಬಲ್ ಅಂಕೆಯನ್ನಲ್ಲ, ಅದರ ಹಿಂದಿನ ಶಕ್ತಿಯನ್ನು ಕೂಡಿಸುತ್ತಾರೆ. ಶಿವಮೊಗ್ಗದ ಗಿಜಿಗುಡುವ ಗೋಪಿ ಸರ್ಕಲ್‌ನಲ್ಲಿ ನಿಂತಾಗ ಇದು ಚೆನ್ನಾಗಿ ತಲೆಗೆ ಹೋಯಿತು.

ನಾಯ್ಸ್‌ಮಾಡೆಲಿಂಗ್ ಕಲಿಯಲು ತಾಳ್ಮೆ ಬೇಕು. ರಸ್ತೆ, ಮನೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ, ಅಂದರೆ ಜನರೇ ಸೇರಿ ಬಿಡಿಸುವ ಆನ್‌ಲೈನ್ ನಕ್ಷೆಯಿಂದ, ತಗೊಳ್ಳುತ್ತದೆ. ಭಾವನ ಬಡಾವಣೆಯ ಅರ್ಧ ಮನೆ ಅಲ್ಲಿರಲಿಲ್ಲ, ಕೂತು ನಾನೇ ಬಿಡಿಸಿದೆ. ಆಮೇಲೆ ಗಂಟೆಗೆ ಎಷ್ಟು ಕಾರು, ಎಷ್ಟು ಲಾರಿ, ಎಷ್ಟು ಬೈಕು, ಯಾವ ವೇಗ ಅಂತ ಕೊಡಬೇಕು. ಟೀ ಅಂಗಡಿ ಮುಂದೆ ಕೂತು ಗೆರೆ ಹಾಕುತ್ತಿದ್ದರೆ ಅಂಗಡಿಯವರು, "ಎಂತ ಮಾರಾಯ್ರೆ, ರಸ್ತೆ ಅಗಲ ಮಾಡ್ತಾರಾ?" ಅಂತ ಗಾಬರಿಯಾದರು. ಹತ್ತಿಪ್ಪತ್ತು ಬೈಕ್ ತಪ್ಪಿದರೆ ತಲೆಕೆಡಿಸಿಕೊಳ್ಳಬೇಡಿ. ವಾಹನ ಎರಡು ಪಟ್ಟಾದರೂ ಏರುವುದು 3 ಡೆಸಿಬಲ್.

ನಕ್ಷೆ ಬಂತು. ಮುಂದಿನ ಗೋಡೆಗೆ 61, ಹಿತ್ತಲ ಕಡೆ 47. ಮನೆಯೇ ಸದ್ದಿಗೆ ಅಡ್ಡ ನಿಲ್ಲುತ್ತದೆ. ಫೋನ್ ಹಿಡಿದು ಅದೇ ಮುಂದಿನ ಗೋಡೆಯ ಜಾಗದಲ್ಲಿ ಅಳೆದರೆ 67! ಎಲ್ಲಿ ತಪ್ಪಿದೆ ಅಂತ ಎರಡು ವಾರ ಹುಡುಕಿದೆ. ನಾಯ್ಸ್‌ಮಾಡೆಲಿಂಗ್ ಬಳಸುವುದು ಯುರೋಪಿನ ಲೆಕ್ಕದ ವಿಧಾನ. ಅದರಲ್ಲಿ ಎಂಜಿನ್ ಇದೆ, ಟೈರ್ ಇದೆ, ಹಾರ್ನ್ ಇಲ್ಲ.

ಜೀರುಂಡೆಯೂ ಇಲ್ಲ. ತೀರ್ಥಹಳ್ಳಿ ಕಡೆ ನಮ್ಮ ತೋಟದ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ 54 ಬಂತು. ಹತ್ತಿರದಲ್ಲಿ ಒಂದು ಸ್ಕೂಟರ್ ಕೂಡ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ ಮಿತಿ 45. ಜೀರುಂಡೆಗೆ ನೋಟಿಸ್ ಕೊಡೋಕಾಗುತ್ತಾ? ಪುಣ್ಯಕ್ಕೆ ಆಪ್‌ನಲ್ಲಿ ಕೀರಲು ಸದ್ದು, ಗಡಸು ಸದ್ದು ಬೇರೆಬೇರೆ ಕಂಬಗಳಾಗಿ ಕಾಣುತ್ತವೆ. ಜೀರುಂಡೆ ಬಲಗಡೆ ಎದ್ದು ನಿಲ್ಲುತ್ತದೆ, ಲಾರಿ ಎಡಗಡೆ. ಮಲೆನಾಡಿನಲ್ಲಿ ಬರೀ ಒಂದು ಅಂಕೆ ನಂಬಿದರೆ ಕೆಟ್ಟಿರಿ.

ಆಪ್‌ಗೆ ಐದಕ್ಕೆ ನಾಲ್ಕು, ಲ್ಯಾಪ್‌ಟಾಪಿನದಕ್ಕೆ ಮೂರೂವರೆ. ಐಫೋನ್ ಇದ್ದವರಿಗೆ ಆಪ್ ಸಿಗಲ್ಲ. ಭಾವ ನಕ್ಷೆ ನೋಡಿ ಕೋಣೆಯನ್ನು ಹಿಂದಕ್ಕೆ ಹಾಕಿಸಿದರು. ಈಗ ಹಿಂದಿನ ಮನೆ ನಾಯಿಯನ್ನೂ ನಕ್ಷೆಗೆ ಸೇರಿಸು ಅಂತಾರೆ. ಸದ್ಯಕ್ಕೆ ಆಗಲ್ಲ. ಮಳೆ ಹಿಡಿದಿದೆ, ಹಂಚಿನ ಮೇಲೆ ಬೀಳುವ ಸದ್ದು ಬಿಟ್ಟು ಫೋನಿಗೆ ಬೇರೇನೂ ಕೇಳಲ್ಲ.