ಜೋಮ್‌ಟಿಯೆನ್ ಸೋಯಿ 5ರ ಹಣ ಬದಲಿಸುವ ಬೂತ್: ಒಬ್ಬ ಹಳೇ ಕ್ಯಾಶಿಯರ್ ಕಂಡಂತೆ

ಬೂತ್‌ನಲ್ಲಿ ಕೂತಿದ್ದ ಹುಡುಗಿ ನೋಟು ಹಿಡಿದ ರೀತಿ ನೋಡಿಯೇ ನನಗೆ ಧೈರ್ಯ ಬಂತು. ನೂರು ಡಾಲರ್ ನೋಟಿನಲ್ಲಿ ಫ್ರಾಂಕ್ಲಿನ್ ಚಿತ್ರ ಇದೆಯಲ್ಲ, ಅದರ ಭುಜದ ಮೇಲೆ ಬೆರಳ ತುದಿ ಎಳೆದಳು. ಅಲ್ಲಿ ಶಾಯಿ ಉಬ್ಬಿರುತ್ತದೆ. ಅಸಲಿ ನೋಟಾದರೆ ತರಿತರಿಯಾಗಿ ಕೈಗೆ ಸಿಗುತ್ತದೆ. ಆಮೇಲೆ ನೋಟನ್ನು ಓರೆ ಮಾಡಿ, ನೀಲಿ ಪಟ್ಟಿಯೊಳಗಿನ ಗಂಟೆಗಳು ನೂರರ ಅಂಕಿಗಳಾಗಿ ಬದಲಾಗುವುದನ್ನು ನೋಡಿದಳು. ಮೆಷಿನ್‌ಗೆ ಹಾಕಿದ್ದು ಕೊನೆಗೆ. ನಾನು ಸಹಕಾರಿ ಬ್ಯಾಂಕೊಂದರ ಕ್ಯಾಶ್ ಕೌಂಟರ್‌ನಲ್ಲಿ 31 ವರ್ಷ ಕೂತವನು. ಇಂಥ ಕೈ ಕಂಡರೆ ಖುಷಿಯಾಗುತ್ತದೆ.

ಥಾಯ್ಲೆಂಡಿನ ಪಟ್ಟಾಯಕ್ಕೆ ಅಂಟಿಕೊಂಡಂತೆ ಜೋಮ್‌ಟಿಯೆನ್ ಬೀಚ್ ಇದೆ. ಅಲ್ಲಿ ಇಮಿಗ್ರೇಷನ್ ಆಫೀಸ್ ಇರುವ ಅಡ್ಡರಸ್ತೆಯೇ ಸೋಯಿ 5. ಅದರ ಹತ್ತಿರ ಈ ಪುಟ್ಟ ಬೂತ್. ಒಬ್ಬರು ಕೂರುವಷ್ಟು ಜಾಗ, ಒಂದು ಗಾಜಿನ ಕಿಂಡಿ, ಮೇಲೆ ಕೆಂಪು ಅಂಕಿಗಳ ರೇಟ್ ಬೋರ್ಡ್. 2025ರ ನವೆಂಬರ್‌ನಲ್ಲಿ ನಾನು, ನನ್ನ ಹೆಂಡತಿ 26 ದಿನ ಅಲ್ಲಿದ್ದೆವು. ಏಳು ಸಲ ಇಲ್ಲೇ ಹಣ ಬದಲಿಸಿದೆವು. ರಾಜಮಾತೆ ಸಿರಿಕಿತ್ ಅಕ್ಟೋಬರ್ 24ರಂದು ತೀರಿಕೊಂಡಿದ್ದರು. ಹಾಗಾಗಿ ಆ ಹುಡುಗಿ ನಾವು ಕಂಡ ಏಳು ದಿನವೂ ಶೋಕದ ಕಪ್ಪು ಅಂಗಿಯಲ್ಲೇ ಇದ್ದಳು.

ಇದು ನಮ್ಮ ಮೂರನೇ ಪ್ರವಾಸ. ಅಲ್ಲಿನ ಹಣ ಬಾತ್. 2012ರ ನವೆಂಬರ್‌ನಲ್ಲಿ ಒಂದು ಬಾತ್‌ಗೆ ನಮಗೆ ಬಿದ್ದದ್ದು 1 ರೂಪಾಯಿ 80 ಪೈಸೆ. 2019ರಲ್ಲಿ 2 ರೂಪಾಯಿ 37 ಪೈಸೆ. ಈ ಸಲ 2 ರೂಪಾಯಿ 80 ಪೈಸೆ. ಎಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಅದು ಹಳೇ ಅಭ್ಯಾಸ.

ಪಟ್ಟಾಯ ದುಬಾರಿ ಆಯಿತು ಅಂತ ಹೋಗಿಬಂದವರೆಲ್ಲ ಹೇಳುತ್ತಾರೆ. ನಿಜ. ಆದರೆ ಎಷ್ಟು ಭಾಗ ಅಲ್ಲಿನ ಅಂಗಡಿಯವರು ಏರಿಸಿದ್ದು, ಎಷ್ಟು ಭಾಗ ನಮ್ಮ ರೂಪಾಯಿ ಇಳಿದದ್ದು ಅಂತ ಬಿಡಿಸಿ ನೋಡುವವರು ಕಡಿಮೆ. ನಾವು ಮೂರು ಸಲವೂ ಊಟ ಮಾಡಿದ ಒಂದು ರಸ್ತೆಬದಿ ಅಂಗಡಿ ಇದೆ. ನಾವು ಮೀನು, ಮಾಂಸ ತಿನ್ನುವುದಿಲ್ಲ. ‘ಜೇ’ ಅಂದರೆ ಅವರಿಗೆ ಅರ್ಥವಾಗುತ್ತದೆ. ಮೀನಿನ ಸಾಸ್ ಕೂಡ ಹಾಕದೆ ತರಕಾರಿ ಫ್ರೈಡ್ ರೈಸ್ ಮಾಡಿಕೊಡುತ್ತಾರೆ. ಆ ತಟ್ಟೆಗೆ 2012ರಲ್ಲಿ 40 ಬಾತ್ ಇತ್ತು, ಅಂದರೆ 72 ರೂಪಾಯಿ. ಈಗ 65 ಬಾತ್, ಅಂದರೆ 182 ರೂಪಾಯಿ. ನಮ್ಮ ಲೆಕ್ಕದಲ್ಲಿ 110 ರೂಪಾಯಿ ಜಾಸ್ತಿ. ರೇಟು 1.80ರಲ್ಲೇ ನಿಂತಿದ್ದರೆ ಅಂಗಡಿಯಾಕೆ ಏರಿಸಿದ 25 ಬಾತ್ ನಮಗೆ ಬರೀ 45 ರೂಪಾಯಿ ಆಗುತ್ತಿತ್ತು. ಉಳಿದ 65 ರೂಪಾಯಿ ವಿನಿಮಯದ ಹೊಡೆತ. ಹದಿಮೂರು ವರ್ಷಕ್ಕೆ 25 ಬಾತ್ ಏರಿಸಿದವಳನ್ನು ದೂರಿದರೆ ತಪ್ಪಾಗುತ್ತದೆ, ಅಲ್ವಾ? ಅವಳೂ ಗ್ಯಾಸ್, ಎಣ್ಣೆ, ಬಾಡಿಗೆ ಕಟ್ಟಬೇಕು.

ಬಾತ್ ಯಾವಾಗಲೂ ಹೀಗೆ ಗಟ್ಟಿಯಾಗಿರಲಿಲ್ಲ. 1997ರ ಜುಲೈ 2ರಂದು ಅವರ ಸರ್ಕಾರ ಬಾತ್‌ಗೆ ತಾನೇ ಹಿಡಿದಿಟ್ಟಿದ್ದ ವಿನಿಮಯ ದರವನ್ನು ಕೈಬಿಟ್ಟಿತು. ಡಾಲರ್‌ಗೆ 25 ಇದ್ದದ್ದು ಆರು ತಿಂಗಳಲ್ಲಿ 50 ದಾಟಿತು. ಆ ದಿನಗಳಲ್ಲಿ ಪೇಪರ್ ಓದಿ, ಅಲ್ಲಿ ಕೌಂಟರ್‌ನಲ್ಲಿ ಕೂತವರ ಪಾಡು ಹೇಗಿರಬಹುದು ಅಂತ ಯೋಚಿಸಿದ್ದು ನೆನಪಿದೆ. ಈ ಸಲ ನಾವು ಹೋದಾಗ ಡಾಲರ್‌ಗೆ 32ರ ಆಸುಪಾಸು ಇತ್ತು. ನಮ್ಮಲ್ಲಿ ಅದೇ ಡಾಲರ್‌ಗೆ ನಾನು ಕೊಟ್ಟದ್ದು 90 ರೂಪಾಯಿ.

ಈಗ ಬೂತ್‌ಗೆ ಬರುತ್ತೇನೆ. ಬೋರ್ಡ್ ಓದುವುದು ಗೊತ್ತಿರಬೇಕು. ಡಾಲರ್‌ಗೆ ಒಂದೇ ರೇಟ್ ಇರುವುದಿಲ್ಲ. ನೂರು, ಐವತ್ತರ ನೋಟಿಗೆ ಒಂದು ರೇಟ್, ಇಪ್ಪತ್ತು, ಹತ್ತಕ್ಕೆ ಅದಕ್ಕಿಂತ ಕಡಿಮೆ, ಐದು, ಒಂದಕ್ಕೆ ಇನ್ನೂ ಕಡಿಮೆ. ನಾವು ಹೋದ ಮೊದಲ ದಿನ ನೂರರ ನೋಟಿಗೆ 32.10 ಇತ್ತು. ಭಾರತದ ರೂಪಾಯಿಯ ಸಾಲು ತೀರಾ ಕೆಳಗೆ, 0.33. ಅಂದರೆ ಸೀದಾ ರೂಪಾಯಿ ಕೊಟ್ಟರೆ ಬಾತ್‌ಗೆ 3 ರೂಪಾಯಿ ದಾಟುತ್ತದೆ. ದಯವಿಟ್ಟು ರೂಪಾಯಿ ಕಟ್ಟು ತಗೊಂಡು ಹೋಗಬೇಡಿ. ಹೊಸ, ಮಡಿಕೆ ಇಲ್ಲದ ನೂರು ಡಾಲರ್ ನೋಟುಗಳನ್ನೇ ಒಯ್ಯಿರಿ.

ನನ್ನ ಒಂದು ನೋಟಿನ ಮೂಲೆಯಲ್ಲಿ ಸಣ್ಣ ನೀಲಿ ಸೀಲ್ ಇತ್ತು, ಹೆಸರುಕಾಳಿನಷ್ಟು. ಹುಡುಗಿ ಅದನ್ನು ಕಿಂಡಿಯಿಂದ ವಾಪಸ್ ತಳ್ಳಿದಳು. ಆಗ ಬೇಸರ ಆಯಿತು. ಆದರೆ ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಕೊಡುವಾಗ ಮಾತ್ರ ಎರಡು ಸಲ ಎಣಿಸುತ್ತಾಳೆ. ಒಂದು ಸಲ ಅವಳ ಕೈಯಲ್ಲಿ, ಇನ್ನೊಂದು ಸಲ ನೋಟುಗಳನ್ನು ನಮ್ಮ ಕಣ್ಣೆದುರು ಬೀಸಣಿಗೆಯಂತೆ ಹರಡಿ. ಸಾವಿರದ್ದು ಕಂದು, ಐನೂರರದ್ದು ನೇರಳೆ, ನೂರರದ್ದು ಕೆಂಪು. ಇಪ್ಪತ್ತರ ಹಸಿರು ನೋಟು 2022ರಿಂದ ಪ್ಲಾಸ್ಟಿಕ್‌ನದ್ದು, ಜಾರುತ್ತದೆ. ಅದನ್ನು ಅವಳು ಒಂದೊಂದಾಗಿ ಮೇಜಿನ ಮೇಲೆ ಇಟ್ಟು ಎಣಿಸುತ್ತಿದ್ದಳು. ಏಳು ಸಲದಲ್ಲಿ ಒಂದು ಬಾತ್ ಕೂಡ ಹೆಚ್ಚು ಕಡಿಮೆ ಆಗಲಿಲ್ಲ. ಕಮಿಷನ್ ಅಂತ ಬೇರೆ ಏನೂ ಕೇಳಲಿಲ್ಲ.

ಬೇರೆ ಕಡೆ ಹೇಗೆ ಅಂತಲೂ ನೋಡಿದೆವು. ಸುವರ್ಣಭೂಮಿ ಏರ್‌ಪೋರ್ಟಿನಲ್ಲಿ ಹೊರಬರುವ ಮಹಡಿಯ ಕೌಂಟರ್‌ನಲ್ಲಿ ಡಾಲರ್‌ಗೆ 30.60 ಇತ್ತು. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ, ಸಿಟಿಗೆ ಹೋಗುವ ರೈಲು ಹತ್ತುವ ಕಡೆ, 32. ನೂರು ಡಾಲರ್‌ಗೆ 140 ಬಾತ್ ವ್ಯತ್ಯಾಸ. ಜೋಮ್‌ಟಿಯೆನ್‌ಗೆ ಹೋಗುವ ಬಸ್ಸಿನ ಟಿಕೆಟ್ ನಾವು ಕೊಟ್ಟದ್ದು 143 ಬಾತ್. ಎಸ್ಕಲೇಟರ್ ಇಳಿದರೆ ಒಬ್ಬರ ಬಸ್ ಚಾರ್ಜ್ ಹುಟ್ಟುತ್ತದೆ.

ಎಟಿಎಂ ವಿಷಯ ಮಾತ್ರ ಹೇಳಲೇಬೇಕು. ಒಂದು ಭಾನುವಾರ ಡಾಲರ್ ರೂಮಿನಲ್ಲೇ ಬಿಟ್ಟು ಬಂದಿದ್ದೆವು. ಕಾರ್ಡ್ ಹಾಕಿ 5,000 ಬಾತ್ ತೆಗೆದೆವು. ಹೊರದೇಶದ ಕಾರ್ಡ್‌ಗೆ ಅಲ್ಲಿ ಆಗ ಸಲಕ್ಕೆ 220 ಬಾತ್ ಶುಲ್ಕ ಇತ್ತು. ಇಷ್ಟೇ ತೆಗೆಯಲಿ, ಅಷ್ಟೇ ತೆಗೆಯಲಿ, ಶುಲ್ಕ ಅದೇ. ಆಮೇಲೆ ಪರದೆ ಮೇಲೆ ‘ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ?’ ಅಂತ ಬಂತು. ರೂಪಾಯಿ ಕಂಡು ಪರಿಚಿತ ಅನಿಸಿ ನನ್ನ ಹೆಂಡತಿ ಒಪ್ಪಿಗೆ ಒತ್ತಿದಳು. ಎಲ್ಲ ಸೇರಿ ಕೈಗೆ ಬಂದ ಒಂದೊಂದು ಬಾತ್‌ಗೆ 3 ರೂಪಾಯಿ 10 ಪೈಸೆ ಬಿತ್ತು. ಬೂತ್‌ನಲ್ಲಿ ಬದಲಿಸಿದ್ದರೆ 1,500 ರೂಪಾಯಿ ಉಳಿಯುತ್ತಿತ್ತು. ಅಲ್ಲಿ ಬೇಡ ಅಂತ ಒತ್ತಿ, ಬಾತ್‌ನಲ್ಲೇ ಲೆಕ್ಕ ಆಗಲಿ ಅನ್ನಬೇಕು. ಕಾರ್ಡ್ ಉಜ್ಜುವ ಅಂಗಡಿಗಳಲ್ಲೂ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ ಕೊಡಿ.

ಬೂತ್ ಮುಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ಇಂಗ್ಲಿಷ್‌ನವರು ಎರಡು ಸಲ ಸಿಕ್ಕರು. ಅವರು ಅಲ್ಲೇ ನೆಲೆಸಿದವರು. 20 ವರ್ಷದ ಹಿಂದೆ ಒಂದು ಪೌಂಡ್‌ಗೆ 70 ಬಾತ್ ಹತ್ತಿರ ಸಿಗುತ್ತಿತ್ತು, ಈಗ 42ರ ಆಸುಪಾಸು. ಅದರ ಮೇಲೆ ಥಾಯ್ಲೆಂಡಿನಲ್ಲಿ ಇರುವವರಿಗೆ ಬ್ರಿಟನ್ ಸರ್ಕಾರ ಪಿಂಚಣಿಯನ್ನು ವರ್ಷ ವರ್ಷ ಏರಿಸುವುದಿಲ್ಲ. ಶುರುವಾದಾಗ ಎಷ್ಟಿತ್ತೋ ಅಷ್ಟೇ. ನಿವೃತ್ತರಾಗಿ ಅಲ್ಲಿರಲು ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಆ 65,000ಕ್ಕೆ ಹಿಂದೆ 930 ಪೌಂಡ್ ಸಾಕಿತ್ತು, ಈಗ 1,550 ಹತ್ತಿರ ಬೇಕು. ಅವರು ತಮ್ಮ ಫೈಲನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಇಮಿಗ್ರೇಷನ್ ಆಫೀಸ್‌ಗೆ ಹೋಗುವ ದಿನವಂತೆ. ನಾವಾದರೋ ಈ ಸಲ ವೀಸಾ ಇಲ್ಲದೆ ಸುಮ್ನೆ ಬಂದು ಹೋದವರು. ಅವರ ಮನೆಯೇ ಅಲ್ಲಿದೆ. ಅವರನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ನಮಗೆ ನಿಜವಾಗಿ ಕೈ ಕಚ್ಚಿದ್ದು ಬಾಡಿಗೆ ರೂಮಿನ ಕರೆಂಟ್. ಸರ್ಕಾರಿ ದರ ಯೂನಿಟ್‌ಗೆ 4 ಬಾತ್ ಹತ್ತಿರ. ನಮ್ಮ ಮಾಲೀಕರು ಹಾಕಿದ್ದು 8. ಒಟ್ಟು 210 ಯೂನಿಟ್‌ಗೆ 1,680 ಬಾತ್. ಅರ್ಧ ಸುಮ್ನೆ ಹೋಯಿತು. ರೂಮ್ ಹಿಡಿಯುವ ಮೊದಲೇ ಯೂನಿಟ್ ರೇಟ್ ಕೇಳಿ, ಮೀಟರ್ ಫೋಟೊ ತೆಗೆದಿಡಿ.

ಬೂತ್‌ನ ಕೊರತೆಗಳೂ ಇವೆ. ಸಾಲಿಗೆ ನೆರಳಿಲ್ಲ, ಮಧ್ಯಾಹ್ನ ಹೋದರೆ ತಲೆ ಸುಡುತ್ತದೆ. ರಸೀದಿಯ ಅಕ್ಷರ ತೀರಾ ಸಣ್ಣದು. ಪಾಸ್‌ಪೋರ್ಟ್ ಇಲ್ಲದಿದ್ದರೆ ಕೊಡುವುದೇ ಇಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಕೊನೆಯ ದಿನ ನಮ್ಮ ಹತ್ತಿರ 340 ಬಾತ್ ಉಳಿದಿತ್ತು. ರೂಪಾಯಿ ಮಾಡಿಕೊಡು ಅಂತ ಕಿಂಡಿಯಲ್ಲಿ ಇಟ್ಟೆ. ಹುಡುಗಿ ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದಳು. ಅಂಕಿ ತೀರಾ ಕಡಿಮೆ. ಅವಳೇ ಬೇಡ ಅಂತ ತಲೆ ಅಲ್ಲಾಡಿಸಿ ನೋಟುಗಳನ್ನು ನನ್ನ ಕಡೆಗೇ ತಳ್ಳಿದಳು. ಎರಡು ಕೈ ಮುಗಿದು ಹೊರಟೆವು. ಅದೇ ಅಂಗಡಿಯಲ್ಲಿ ಎರಡು ತಟ್ಟೆ ಫ್ರೈಡ್ ರೈಸ್ ತಿಂದೆವು, 130 ಬಾತ್. ಉಳಿದದ್ದರಲ್ಲಿ ನನ್ನ ಹೆಂಡತಿ ಒಣಗಿಸಿದ ಮಾವಿನಹಣ್ಣು ಕೊಂಡಳು.