ಮ್ಯಾಕುಲಾ ತೊಂದರೆಗೆ ಓಸಿಟಿಯೋ, ಎಫ್‌ಎಫ್‌ಎಯೋ? ನನ್ನ ಕಣ್ಣಿಗೆ ಮಾಡಿಸಿದ ಸ್ಕ್ಯಾನ್‌ಗಳ ಹೋಲಿಕೆ

ಒಂದೇ ಸ್ಕ್ಯಾನ್ ಮಾಡಿಸೋಕೆ ಆಗೋದು ಅನ್ನುವವರಿಗೆ ನನ್ನ ಉತ್ತರ ಓಸಿಟಿ, ಅಂದರೆ ಬೆಳಕಿನಿಂದ ಕಣ್ಣಿನ ಪರದೆಯ ಪದರಗಳನ್ನು ತೋರಿಸುವ ಸ್ಕ್ಯಾನ್. ಆದರೆ ಕಾಯಿಲೆ ಮೊದಲ ಸಲ ಸಿಕ್ಕಾಗ ಡಾಕ್ಟರು ಎಫ್‌ಎಫ್‌ಎ (ಬಣ್ಣ ಕೊಟ್ಟು ಕಣ್ಣಿನ ರಕ್ತನಾಳಗಳ ಫೋಟೊ ತೆಗೆಯುವುದು) ಕೂಡ ಬೇಕು ಅಂದರೆ, ಬಣ್ಣದ ಇಂಜೆಕ್ಷನ್ನಿಗೆ ಹೆದರಿ ಬೇಡ ಅನ್ನಬೇಡಿ. ಇಲ್ಲಿ ಕೊಪ್ಪಳದಲ್ಲಿ ನನ್ನ ವಾರಿಗೆಯವರು ಸಿಕ್ಕಾಗಲೆಲ್ಲ ಯಾವ ಸ್ಕ್ಯಾನ್ ಮಾಡಿಸಬೇಕು ಅಂತಲೇ ಕೇಳುತ್ತಾರೆ.

ನನ್ನ ಎಡಗಣ್ಣಿಗೆ ಒದ್ದೆ ಬಗೆಯ ಎಎಂಡಿ (ವಯಸ್ಸಾದಂತೆ ಮ್ಯಾಕುಲಾ ಹಾಳಾಗುವ ಕಾಯಿಲೆ), ಬಲಗಣ್ಣಿಗೆ ಒಣ ಬಗೆಯದು. ಮ್ಯಾಕುಲಾ ಅಂದರೆ ಕಣ್ಣಿನ ಹಿಂದಿನ ಪರದೆಯ ನಟ್ಟನಡುವಿನ ಜಾಗ, ಸುಮಾರು 5.5 ಮಿ.ಮೀ. ಅಗಲ. ಓದುವುದು, ಮುಖ ಗುರುತು ಹಿಡಿಯುವುದು ಎಲ್ಲಾ ಅದರ ಕೆಲಸ. ಒಣ ಬಗೆಯಲ್ಲಿ ಪರದೆಯ ಅಡಿ ಡ್ರೂಸನ್ ಎಂಬ ಹಳದಿ ಚುಕ್ಕೆಗಳು ಕೂಡುತ್ತವೆ. ಒದ್ದೆ ಬಗೆಯಲ್ಲಿ ಬೇಡದ ರಕ್ತನಾಳಗಳು ಬೆಳೆದು ಸೋರುತ್ತವೆ. ನನಗೆ ಮೊದಲು ಕಂಡಿದ್ದು ಪೇಪರಿನಲ್ಲಿ. ಎಡಗಣ್ಣಿನಿಂದ ನೋಡಿದರೆ ಸಾಲುಗಳು ಡೊಂಕು, ನಡುವಿನ ಪದಗಳ ಒತ್ತಕ್ಷರ ಮಾಯ. ಪೊರೆ ಇರಬೇಕು ಅಂತ ಮನೆಯಲ್ಲಿ ಎಲ್ಲರೂ ಅಂದರು. ಪೊರೆ ಬಂದರೆ ಮಂಜು ಕವಿಯುತ್ತದೆ, ಗೆರೆ ಬಾಗುವುದಿಲ್ಲ.

ಮೊದಲು ತೆಗೆದಿದ್ದು ಫಂಡಸ್ ಫೋಟೊ, ಅಂದರೆ ಕಣ್ಣಿನ ಹಿಂದಿನ ಪರದೆಯ ಫೋಟೊ. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ, ಒಂದು ಫ್ಲ್ಯಾಷ್, ಮುಗೀತು. ಚುಕ್ಕೆ ಎಲ್ಲಿವೆ, ರಕ್ತ ಒಸರಿದೆಯಾ ಅನ್ನುವುದು ಕಾಣುತ್ತದೆ. ಆದರೆ ಅದು ಮೇಲಿನಿಂದ ಹೋಳಿಗೆ ನೋಡಿದ ಹಾಗೆ. ಓಸಿಟಿ ಅದನ್ನು ಮುರಿದು ಒಳಗಿನ ಹೂರಣ ತೋರಿಸುತ್ತದೆ.

ಓಸಿಟಿಯಲ್ಲಿ ಸೂಜಿ ಇಲ್ಲ, ಕಣ್ಣಿಗೆ ಏನೂ ತಾಗುವುದಿಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಒಳಗೆ ಬಿಟ್ಟು, ಹಿಂದಿರುಗಿ ಬಂದ ಬೆಳಕಿನಿಂದ ಪರದೆಯ ಪದರಗಳ ಚಿತ್ರ ಕಟ್ಟುತ್ತದೆ. ಈ ತಂತ್ರ ಮೊದಲು ಪ್ರಕಟವಾದದ್ದು 1991ರಲ್ಲಿ. ಈಗಿನ ಮಶೀನುಗಳು ಸುಮಾರು 5 ಮೈಕ್ರಾನ್‌ನಷ್ಟು ಸಣ್ಣ ವ್ಯತ್ಯಾಸವನ್ನೂ ಬಿಡಿಸಿ ತೋರಿಸುತ್ತವೆ. ನನ್ನ ಎಡಗಣ್ಣಿನ ಚಿತ್ರದಲ್ಲಿ ಪದರಗಳ ನಡುವೆ ಕಪ್ಪು ಗುಳ್ಳೆ ಇತ್ತು. ಅದೇ ಸೋರಿ ನಿಂತ ನೀರು. ಸೋರಿಕೆ ತಡೆಯಲು ಕಣ್ಣಿಗೆ ಕೊಡುವ ಔಷಧದ ಇಂಜೆಕ್ಷನ್ ಆದ ಮೇಲೆ ಮುಂದಿನ ಚಿತ್ರದಲ್ಲಿ ಆ ಗುಳ್ಳೆ ಕುಗ್ಗಿದ್ದನ್ನು ನಾನೇ ನೋಡಿದೆ. ಔಷಧ ಹಿಡಿಯುತ್ತಿದೆಯಾ, ಮುಂದಿನ ಇಂಜೆಕ್ಷನ್ ಯಾವಾಗ ಅನ್ನುವುದನ್ನು ಡಾಕ್ಟರು ನಿರ್ಧರಿಸುವುದು ಹೆಚ್ಚಾಗಿ ಇದನ್ನು ನೋಡಿಯೇ.

ಕಷ್ಟ ಇರುವುದು ಬೇರೆ ಕಡೆ. "ಗದ್ದ ಇಲ್ಲಿಡ್ರಿ, ಹಣಿ ಒತ್ರಿ, ಹಸಿರು ಗುರುತು ನೋಡ್ರಿ, ಕಣ್ಣು ಪಿಳುಕಿಸಬ್ಯಾಡ್ರಿ ಸರ್" ಅಂತ ಟೆಕ್ನಿಷಿಯನ್ ಹುಡುಗಿ ಹೇಳುತ್ತಾಳೆ. ನಡುವಿನ ನೋಟವೇ ಹೋಗಿರುವವರಿಗೆ ಆ ಗುರುತು ಕಾಣಬೇಕಲ್ವಾ? ಅದನ್ನು ಹುಡುಕುತ್ತಾ ಕಣ್ಣು ಓರೆಯಾದರೆ ಸ್ಕ್ಯಾನ್ ಮ್ಯಾಕುಲಾದ ನಡುವನ್ನೇ ತಪ್ಪಿಸಿಬಿಡುತ್ತದೆ. ಕಾಣಿಸದಿದ್ದರೆ ಸುಮ್ನೆ ಕೂರಬೇಡಿ, ಬಾಯಿಬಿಟ್ಟು ಹೇಳಿ. ಇನ್ನೊಂದು ಕಣ್ಣಿಗೆ ಗುರುತು ತೋರಿಸಿ ನೋಟ ನಿಲ್ಲಿಸುವ ಉಪಾಯ ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಮುಖ್ಯ ವಿಷಯ. ನಾನು ಒಮ್ಮೆ ಬಳ್ಳಾರಿಯಲ್ಲಿ, ಆಮೇಲೆ ಹುಬ್ಬಳ್ಳಿಯಲ್ಲಿ ಓಸಿಟಿ ಮಾಡಿಸಿದೆ. ಕೊಪ್ಪಳದಿಂದ ಎರಡೂ ಊರಿಗೆ ಒಂದೇ ರೈಲು ಹಳಿ, ಆದರೆ ಮಶೀನು ಬೇರೆ ಕಂಪನಿಯದು. ಎರಡನೆಯದರಲ್ಲಿ ಪರದೆಯ ದಪ್ಪದ ಅಂಕಿ ಜಾಸ್ತಿ ಬಂತು. ನೀರು ಮತ್ತೆ ತುಂಬಿತು ಅಂತ ಮನೆಯವರೆಲ್ಲ ಗಾಬರಿ. ಪರದೆಯ ಅಡಿಗೆರೆ ಎಲ್ಲಿ ಅನ್ನುವುದನ್ನು ಒಂದೊಂದು ಕಂಪನಿಯ ಮಶೀನು ಒಂದೊಂದು ಪದರಕ್ಕೆ ಗುರುತು ಮಾಡುತ್ತದೆ, ಹಾಗಾಗಿ ಆ ಅಂಕಿಗಳನ್ನು ತಾಳೆ ನೋಡುವ ಹಾಗಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಆದಷ್ಟು ಒಂದೇ ಕಡೆ, ಒಂದೇ ಮಶೀನಿನಲ್ಲಿ ಮಾಡಿಸಿ. ಕೆಲವು ಮಶೀನುಗಳು ಹಿಂದಿನ ಸಲ ಸ್ಕ್ಯಾನ್ ಮಾಡಿದ ಜಾಗವನ್ನೇ ಹುಡುಕಿ ಮತ್ತೆ ತೆಗೆಯುತ್ತವೆ.

ಈಗ ಎಫ್‌ಎಫ್‌ಎ. 1961ರಿಂದ ಇರುವ ಹಳೆಯ ವಿಧಾನ. ಫ್ಲೋರೆಸಿನ್ ಎಂಬ ಬಣ್ಣವನ್ನು ಕೈಯ ನರಕ್ಕೆ ಕೊಡುತ್ತಾರೆ. ಹತ್ತು ಹದಿನೈದು ಸೆಕೆಂಡಿನಲ್ಲಿ ಅದು ಕಣ್ಣು ಮುಟ್ಟುತ್ತದೆ, ನೀಲಿ ಬೆಳಕಿನಲ್ಲಿ ಹಸಿರು ಹಳದಿಯಾಗಿ ಹೊಳೆಯುತ್ತದೆ. ಆಮೇಲೆ ಕೆಲವು ನಿಮಿಷ ಫೋಟೊದ ಮೇಲೆ ಫೋಟೊ. ನನಗೆ ಒಂದು ಗಳಿಗೆ ಹೊಟ್ಟೆ ತೊಳಸಿತು, ಉದ್ದ ಉಸಿರು ಎಳೆದುಕೊಂಡೆ, ಹೋಯಿತು. ಸಂಜೆ ನನ್ನ ಮುಖ, ಅಂಗೈ ನೋಡಿ ಮನೆಯಾಕೆ "ಕಾಮಾಲಿ ಆಗೈತೇನ್ರೀ?" ಅಂತ ಬೆಚ್ಚಿಬಿದ್ದಳು. ಚರ್ಮ ಕೆಲವು ಗಂಟೆ ಹಳದಿ ಇರುತ್ತದೆ, ಮೂತ್ರಕ್ಕೆ ಮರುದಿನದವರೆಗೂ ಬಣ್ಣ ಇರಬಹುದು. ಆದರೆ ತೀರಾ ಅಪರೂಪಕ್ಕೆ ದೊಡ್ಡ ಅಲರ್ಜಿಯೂ ಆಗುತ್ತದೆ. ಅದಕ್ಕೇ ಅಲರ್ಜಿ, ಆಸ್ತಮಾ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಇಷ್ಟೆಲ್ಲ ಯಾಕೆ ಅಂದರೆ, ನೀರು ನಿಂತಿರುವುದನ್ನು ಓಸಿಟಿ ತೋರಿಸುತ್ತದೆ; ಯಾವ ನಾಳ ಈಗ ಸೋರುತ್ತಿದೆ ಅನ್ನುವುದನ್ನು ಕಣ್ಣೆದುರೇ ತೋರಿಸುವುದು ಎಫ್‌ಎಫ್‌ಎ.

ಇದರ ತಮ್ಮನಂಥ ಐಸಿಜಿ, ಬೇರೆ ಬಣ್ಣ ಕೊಟ್ಟು ತೆಗೆಯುವ ಫೋಟೊ, ನನಗೆ ಬೇಕಾಗಲಿಲ್ಲ. ಅದು ಪರದೆಯ ಹಿಂದಿನ ಕೋರಾಯ್ಡ್ ಪದರದ ನಾಳಗಳಿಗೆ. ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ ಪಿಸಿವಿ ಎಂಬ ಬಗೆಯ ಕಾಯಿಲೆಯ (ಕೋರಾಯ್ಡ್ ನಾಳಗಳು ಗುಳ್ಳೆಯಂತೆ ಉಬ್ಬುವುದು) ಅನುಮಾನ ಬಂದರೆ ಮಾಡಿಸುತ್ತಾರೆ.

ಓಸಿಟಿಯದೇ ಇನ್ನೊಂದು ಬಗೆ ಓಸಿಟಿಎ, ಅದು ಹೊಸದು. ಬಣ್ಣವಿಲ್ಲದೆ ರಕ್ತನಾಳದ ಬಲೆ ತೋರಿಸುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಓಡುವ ರಕ್ತಕಣಗಳಿಂದ ಬದಲಾದದ್ದನ್ನು ಹೆಕ್ಕುತ್ತದೆ. ಸೂಜಿ ಇಲ್ಲ ಅಂತ ನನಗೆ ಇದರ ಮೇಲೆ ಆಸೆ ಇತ್ತು. ಕೂತ ಮೇಲೆ ತಿಳಿಯಿತು, ಕಣ್ಣು ಸ್ವಲ್ಪ ಅಲುಗಿದರೂ ಚಿತ್ರದ ಮೇಲೆ ಅಡ್ಡಗೆರೆ ಬೀಳುತ್ತದೆ. ನನ್ನ ಬಲಗಣ್ಣಿನದು ಚೊಕ್ಕಟವಾಗಿ ಬಂತು, ಎಡಗಣ್ಣಿನದು ಮತ್ತೆ ತೆಗೆಯಬೇಕಾಯಿತು. ಮೇಲಾಗಿ ಇದು ನಾಳ ತೋರಿಸುತ್ತದೆ, ಸೋರಿಕೆ ತೋರಿಸುವುದಿಲ್ಲ. ಎಫ್‌ಎಫ್‌ಎ ಆಗದವರಿಗೆ ಒಳ್ಳೆಯ ದಾರಿ. ಆದರೆ ಅದರ ಜಾಗವನ್ನು ಪೂರ್ತಿ ತುಂಬುತ್ತದೆ ಅಂತ ನಾನು ಒಪ್ಪುವುದಿಲ್ಲ.

ಡ್ರಾಪ್ಸ್ ಹಾಕಿದ ದಿನ ಬೈಕ್ ಮುಟ್ಟಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಕಪ್ಪು ಕನ್ನಡಕ ಇಲ್ಲದೆ ಆಸ್ಪತ್ರೆ ಬಾಗಿಲು ದಾಟಲಾಗುವುದಿಲ್ಲ.

ಎರಡು ಸ್ಕ್ಯಾನ್‌ಗಳ ನಡುವೆ ಮನೆಯಲ್ಲಿ ಆಮ್ಸ್ಲರ್ ಗ್ರಿಡ್ ಇಟ್ಟುಕೊಳ್ಳಿ. ಚೌಕಳಿ ಗೆರೆಗಳ ಹಾಳೆ, ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, ಓದುವಷ್ಟು ದೂರದಲ್ಲಿ ಹಿಡಿದು ಚುಕ್ಕೆ ನೋಡಬೇಕು, ಆಮೇಲೆ ಇನ್ನೊಂದು ಕಣ್ಣು. ನಮ್ಮ ಮನೆಯಲ್ಲಿ ಅದು ಕ್ಯಾಲೆಂಡರ್ ಪಕ್ಕದಲ್ಲೇ ಇದೆ. ಗೆರೆ ಹೊಸದಾಗಿ ಬಾಗಿದರೆ, ಮುಂದಿನ ತಾರೀಖಿನವರೆಗೆ ಕಾಯದೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ಹೋಗುವಾಗ ಹಳೆಯ ಓಸಿಟಿ ಪ್ರಿಂಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ.