ಮಾರ್ನಿಂಗ್ ಗ್ಲೋರಿ ಹಾಕಬೇಕೋ, ಗೆಣಸಿನ ಬಳ್ಳಿ ಹಾಕಬೇಕೋ?

ಮೊದಲೇ ಹೇಳಿಬಿಡುತ್ತೇನೆ. ಮನೆ ಮುಂದೆ ಒಂದಿಷ್ಟು ನೆಲ ಇದ್ದರೆ ಗೆಣಸು ಹಾಕಿ. ನೆಲ ಇಲ್ಲ, ಬರೀ ಗ್ರಿಲ್ಲು ಮತ್ತು ಬಿಸಿಲು ಇದೆ ಅಂದರೆ ಮಾರ್ನಿಂಗ್ ಗ್ಲೋರಿ ಹೂಬಳ್ಳಿ ಹಾಕಿ. ಎರಡನ್ನೂ ಒಂದೇ ಪಾತಿಯಲ್ಲಿ ಮಾತ್ರ ಹಾಕಬೇಡಿ. ಯಾಕೆ ಅನ್ನೋದನ್ನ ಮುಂದೆ ಹೇಳುತ್ತೇನೆ.

ನಮ್ಮದು ಧಾರವಾಡದ ಸಪ್ತಾಪುರದ ಕಡೆ ಹಳೇ ಮನೆ. ಕಾಂಪೌಂಡಿನ ಒಳಗೆ ಉದ್ದಕ್ಕೆ ಒಂದು ಪಟ್ಟಿ ಕೆಂಪು ಮಣ್ಣಿದೆ. ಗೇಟಿನ ಮೇಲೆ ಕಬ್ಬಿಣದ ಕಮಾನು. ಈ ವರ್ಷ ಮಿರಗದ ಮಳೆ ಬಿದ್ದ ಕೂಡಲೇ ಕಮಾನಿನ ಬುಡಕ್ಕೆ ಮಾರ್ನಿಂಗ್ ಗ್ಲೋರಿ ಬೀಜ ಊರಿದೆ, ಪಟ್ಟಿಯಲ್ಲಿ ಗೆಣಸಿನ ಬಳ್ಳಿ ನೆಟ್ಟೆ. ಬೀಜದ ಪ್ಯಾಕೆಟ್ಟು ಐವತ್ತು ರೂಪಾಯಿ, ಒಂದು ನರ್ಸರಿಯಲ್ಲಿ ತಗೊಂಡಿದ್ದು. ಗೆಣಸಿನ ಬಳ್ಳಿ ಬೆಳಗಾವಿ ಕಡೆಯ ನಮ್ಮ ಬೀಗರ ಹೊಲದಿಂದ ಬಂತು. ಆ ಕಡೆ ಗೆಣಸು ಜಾಸ್ತಿ ಬೆಳೀತಾರೆ. ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿದ್ದರು, ಒಂದು ಬಳ್ಳಿಯೂ ಬಾಡಿರಲಿಲ್ಲ.

ಎರಡೂ ಒಂದೇ ಕುಟುಂಬದವು. ಐಪೊಮಿಯ ಅನ್ನೋ ಜಾತಿ. ಎಲೆ ನೋಡಿದರೆ ಅಣ್ಣ ತಂಗಿ ಅಂತ ಗೊತ್ತಾಗುತ್ತದೆ. ಆದರೆ ಒಂದು ಮೇಲಕ್ಕೆ ಹತ್ತುತ್ತದೆ, ಇನ್ನೊಂದು ನೆಲದ ಮೇಲೆ ಹರಿಯುತ್ತದೆ. ತೋಟದಲ್ಲಿ ಯಾವುದನ್ನ ಎಲ್ಲಿ ಹಾಕಬೇಕು ಅನ್ನೋದು ಇದರ ಮೇಲೇ ನಿಂತಿದೆ.

ಮೊದಲು ಹೂವಿನ ಮಾತು. ಬೀಜದ ಸಿಪ್ಪೆ ಗಟ್ಟಿ, ರಾತ್ರಿಯಿಡೀ ನೀರಲ್ಲಿ ನೆನೆಸಿಯೇ ಊರಬೇಕು. ನೆನೆದು ಉಬ್ಬಿದ ಬೀಜ ವಾರದೊಳಗೆ ಮೊಳಕೆ ಒಡೆಯಿತು. ಆಮೇಲೆ ಅದರ ಓಟ ನೋಡಬೇಕು. ಕಮಾನಿನ ಸರಳನ್ನು ಹಿಡಿಯಿತು ಅಂದರೆ ಬಿಡೋದಿಲ್ಲ. ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲೇ ಸುತ್ತುತ್ತಾ ಏರುತ್ತದೆ. ನಮ್ಮ ಮನೆಯವರು ಒಂದು ಕುಡಿಯನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಸುತ್ತಿ ಬಿಟ್ಟಿದ್ದರು. ಅದು ಬಿಚ್ಚಿಕೊಂಡು ಮತ್ತೆ ತನ್ನ ದಾರಿಯನ್ನೇ ಹಿಡಿಯಿತು. ಗೊಬ್ಬರ ಜಾಸ್ತಿ ಹಾಕಬಾರದು, ಹಾಕಿದರೆ ಬರೀ ಎಲೆ.

ಶ್ರಾವಣದಲ್ಲಿ ಹೂ ಶುರುವಾಯಿತು. ನೀಲಿ ಜಾತಿಯ ಮೊಗ್ಗು ನೀಲಿ ಇರೋದಿಲ್ಲ, ಕೆಂಪು ನೇರಳೆ ಇರುತ್ತದೆ. ಹಿಂದಿನ ಸಂಜೆ ಬಿಗಿಯಾಗಿ ತಿರುಚಿಕೊಂಡು ನಿಂತಿರುತ್ತದೆ. ಬೆಳಗಿನ ಜಾವ ಬಿಚ್ಚುತ್ತಾ ಬಿಚ್ಚುತ್ತಾ ಆಕಾಶದ ನೀಲಿಗೆ ತಿರುಗುತ್ತದೆ. ಎಸಳಿನೊಳಗಿನ ರಸದ ಹುಳಿಗುಣ ಕಡಿಮೆಯಾಗಿ ಬಣ್ಣ ಹಾಗೆ ಬದಲಾಗುತ್ತದಂತೆ. ಧಾರವಾಡದ ಜಿಟಿಜಿಟಿ ಮಳೆ, ಮೋಡ ಇದ್ದ ದಿನ ಮಧ್ಯಾಹ್ನದವರೆಗೂ ಅರಳಿಕೊಂಡೇ ಇರುತ್ತಿತ್ತು. ಬಿಸಿಲಿದ್ದ ದಿನ ಹತ್ತು ಗಂಟೆಗೇ ಮುದುಡುತ್ತಿತ್ತು. ಹೀಗಾಗಿ ಬೆಳಗ್ಗೆ ಬೇಗ ಏಳುವವರಿಗೆ ಈ ಬಳ್ಳಿ. ಎಂಟಕ್ಕೆ ಎದ್ದು ಗಡಿಬಿಡಿಯಲ್ಲಿ ಆಫೀಸಿಗೆ ಓಡುವವರಿಗೆ ಇದರ ನಿಜವಾದ ಚೆಲುವು ಸಿಗೋದಿಲ್ಲ. ಜಪಾನಿನಲ್ಲಿ ಇದೇ ಹೂವಿಗೋಸ್ಕರ ಪ್ರತಿ ಜುಲೈನಲ್ಲಿ ಟೋಕಿಯೋದ ಇರಿಯಾದಲ್ಲಿ ಸಂತೆ ಕೂಡುತ್ತದೆ. ಅಂಥ ಹೂ.

ಪ್ಯಾಕೆಟ್ಟಿನ ಬಗ್ಗೆ ತಕರಾರಿದೆ. ಮೇಲೆ ನಾಲ್ಕು ಬಣ್ಣದ ಚಿತ್ರ, ಬಂದದ್ದು ಮುಕ್ಕಾಲು ಪಾಲು ಒಂದೇ ನೇರಳೆ. ನೀಲಿ ಬಂದದ್ದು ಎರಡೇ ಬಳ್ಳಿ. ಪಕ್ಕದ ಮನೆ ವೈನಿಗೆ ಆ ನೀಲಿ ಮೇಲೇ ಕಣ್ಣು: "ಅದರ ಬೀಜ ಆದ ಕೂಡಲೇ ನನಗೂ ಒಂದಿಷ್ಟ ತಗದ ಇಡ್ರಿ."

ಬೀಜದ ವಿಷಯದಲ್ಲಿ ಒಂದು ಮಾತು, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಮಾರ್ನಿಂಗ್ ಗ್ಲೋರಿ ಬೀಜ ವಿಷ. ಹೊಟ್ಟೆಗೆ ಹೋದರೆ ವಾಂತಿ, ತಲೆ ಸುತ್ತು, ಇಲ್ಲದ್ದು ಕಾಣಿಸೋದು, ಎಲ್ಲಾ ಆಗುತ್ತದೆ. ಒಣಗಿದ ಕಾಯಿ ಮುಟ್ಟಿದರೆ ಸಾಕು, ಕರಿ ಬೀಜ ಉದುರುತ್ತದೆ. ನಮ್ಮ ಮೊಮ್ಮಗಳು ಗೇಟಿನ ಹತ್ತಿರವೇ ಆಡುತ್ತಾಳೆ. ಅದಕ್ಕೇ ಕಾಯಿ ಬಲಿಯೋಕೆ ಮುಂಚೆಯೇ ಕಿತ್ತು ಹಾಕುತ್ತೇನೆ, ನೀಲಿ ಬಳ್ಳಿಯ ಮೇಲಿನ ಕಾಯಿ ಮಾತ್ರ ಬಿಟ್ಟಿದ್ದೇನೆ. ಕೀಳದೆ ಬಿಟ್ಟರೆ ಇನ್ನೊಂದು ಕಾಟ: ಮುಂದಿನ ಮಳೆಗಾಲಕ್ಕೆ ಅಂಗಳದ ತುಂಬ ಅದೇ ಸಸಿ ಏಳುತ್ತದೆ.

ಒಂದೇ ಪಾತಿ ಬೇಡ ಅಂದದ್ದು ಇದಕ್ಕೇ. ಗೆಣಸಿನ ಕುಡಿ ಎಲೆಯ ಪಲ್ಯ ಮಾಡ್ತೀವಿ ಅಲ್ವಾ, ಎರಡರ ಎಲೆಯೂ ಕಲೆತರೆ ಬೇರ್ಪಡಿಸೋದು ಕಷ್ಟ. ಎಳೇ ಎಲೆ ಅಂತೂ ಒಂದರ ಪಡಿಯಚ್ಚು ಇನ್ನೊಂದು.

ಈಗ ಗೆಣಸು. ಇದರ ಬಗ್ಗೆ ನನಗೆ ಮಾತು ಜಾಸ್ತಿ, ಯಾಕಂದರೆ ಇದು ಕೊಟ್ಟದ್ದೂ ಜಾಸ್ತಿ.

ಬೀಜ ಬೇಕಿಲ್ಲ, ಗೆಡ್ಡೆ ಹೂಳಬೇಕಿಲ್ಲ. ಬಳ್ಳಿಯ ತುದಿಯಿಂದ ಗೇಣುದ್ದದ ತುಂಡು ಕತ್ತರಿಸಿ, ಎರಡು ಮೂರು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟರೆ ಆಯಿತು. ಮಣ್ಣನ್ನು ಏರಿಸಿ ದಿಂಡು ಮಾಡಿ ನೆಡಬೇಕು. ಮಣ್ಣು ಸಡಿಲ ಇದ್ದಷ್ಟೂ ಗೆಣಸು ದಪ್ಪ. ನಮ್ಮ ಕೆಂಪು ಮಣ್ಣಿಗೆ ಮರಳು, ಹಳೇ ಸಗಣಿ ಗೊಬ್ಬರ ಬೆರೆಸಿದೆ. ನವಲಗುಂದ, ಅಣ್ಣಿಗೇರಿ ಕಡೆಯ ಕರಿ ಎರಿ ಮಣ್ಣಿನವರು ನೇರ ನೆಲಕ್ಕೆ ಹಾಕಬೇಡಿ. ಎರಿ ಮಳೆಗೆ ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ, ಗೆಡ್ಡೆ ಸೊಟ್ಟಾಗುತ್ತದೆ. ದೊಡ್ಡ ಗ್ರೋ ಬ್ಯಾಗ್ ಒಳ್ಳೇದು.

ಬಳ್ಳಿ ಹರಿದಲ್ಲೆಲ್ಲಾ ಗಿಣ್ಣಿನಿಂದ ಬೇರು ಬಿಡುತ್ತದೆ. ಆ ಬೇರು ನೆಲ ಹಿಡಿದರೆ ಬುಡದ ಗೆಣಸಿಗೆ ಹೋಗಬೇಕಾದ ಶಕ್ತಿ ಅಲ್ಲಲ್ಲೇ ಹಂಚಿ ಹೋಗುತ್ತದೆ. ಹೀಗಾಗಿ ಆಗಾಗ ಬಳ್ಳಿಯನ್ನು ಮೆಲ್ಲಗೆ ಎತ್ತಿ ಮಗ್ಗುಲಿಗೆ ಹಾಕಬೇಕು. ಎತ್ತುವಾಗ ಸಣ್ಣ ಬೇರು ಪಟಪಟ ಅಂತ ಬಿಡುತ್ತವೆ. ನೀರಿನ ತಾಪತ್ರಯವೂ ಕಡಿಮೆ. ನಮ್ಮಲ್ಲಿ ನಳದ ನೀರು ದಿನಾ ಬರೋದಿಲ್ಲ, ನಡುವೆ ಮಳೆ ಬಿಡುವು ಕೊಟ್ಟಾಗಲೂ ಗೆಣಸು ತಡೆದುಕೊಂಡಿತು. ಕುಂಡದ ಮಾರ್ನಿಂಗ್ ಗ್ಲೋರಿ ಮಾತ್ರ ಒಂದು ದಿನ ನೀರು ತಪ್ಪಿದರೆ ಸೋತು ಬೀಳುತ್ತಿತ್ತು.

ಕಾಟ ಎರಡು. ಒಂದು ಮೂತಿ ಹುಳು. ಮಣ್ಣು ಬಿರಿದ ಸಂದಿನಿಂದ ಇಳಿದು ಗೆಣಸಿನೊಳಗೆ ಸುರಂಗ ಕೊರೆಯುತ್ತದೆ, ಆ ಗೆಣಸು ಕಹಿ, ದನಕ್ಕೂ ಹಾಕಬಾರದು. ಬಿರುಕು ಕಂಡ ಕೂಡಲೇ ಮಣ್ಣು ಏರಿಸಿ ಮುಚ್ಚಬೇಕು. ಇನ್ನೊಂದು ಹೆಗ್ಗಣ. ಅದಕ್ಕೆ ಇನ್ನೂ ಒಳ್ಳೇ ಉಪಾಯ ಸಿಕ್ಕಿಲ್ಲ.

ಸೀಗಿ ಹುಣ್ಣಿಮೆ ಹೊತ್ತಿಗೆ ಅಗೆದೆವು. ಗುದ್ದಲಿಯನ್ನು ದೂರದಿಂದ ಹಾಕಿ, ಬುಡದ ಹತ್ತಿರ ಕೈಯಿಂದಲೇ ಮಣ್ಣು ಬಿಡಿಸಬೇಕು. ಕೆಂಪು ಸಿಪ್ಪೆ ತೆಳ್ಳಗೆ, ಉಗುರು ತಾಗಿದರೂ ಹಾಲು ಒಸರುತ್ತದೆ. ಬುಡಕ್ಕೆ ಅರ್ಧ ಕಿಲೋ ಮೇಲೇ ಬಂತು. ತೊಳೆಯಲಿಲ್ಲ, ನೆರಳಲ್ಲಿ ಹರವಿ ವಾರ ಬಿಟ್ಟೆ. ಹಾಗೆ ಇಟ್ಟರೆ ಗಾಯ ಮಾಗುತ್ತದೆ, ಒಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಕಿತ್ತ ದಿನ ಬೇಯಿಸಿದ್ದಕ್ಕೂ ವಾರ ಬಿಟ್ಟು ಬೇಯಿಸಿದ್ದಕ್ಕೂ ರುಚಿಯಲ್ಲಿ ಬಹಳ ಫರಕು. ಹೋಳಿಗೆ ಮಾಡುವವರು ನೀರಲ್ಲಿ ಮುಳುಗಿಸಿ ಕುದಿಸಬೇಡಿ, ಹಬೆಯಲ್ಲಿ ಬೇಯಿಸಿ. ಇಲ್ಲದಿದ್ದರೆ ಬೆಲ್ಲ ಹಾಕಿದ ಕೂಡಲೇ ಹೂರಣ ನೀರಾಗಿ ಕಣಕದಿಂದ ಸೋರುತ್ತದೆ.

ಬಣ್ಣದ ಗೆಣಸೂ ಇದೆ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 1963ರಿಂದ ಇದೇ ಕೆಲಸ ಮಾಡುತ್ತಿದೆ. ಅವರ ಭೂ ಸೋನಾ ಒಳಗೆ ಕಿತ್ತಳೆ ಬಣ್ಣ, ಭೂ ಕೃಷ್ಣ ನೇರಳೆ. ಅವುಗಳ ಬಳ್ಳಿಗೆ ನಾನು ಇನ್ನೂ ಹುಡುಕುತ್ತಿದ್ದೇನೆ. ನರ್ಸರಿಯಲ್ಲಿ ತಿಳಿ ಹಸಿರು, ಕಡು ನೇರಳೆ ಎಲೆಯ ಅಲಂಕಾರದ ಬಳ್ಳಿ ಮಾರುತ್ತಾರಲ್ಲ, ಅದೂ ಗೆಣಸೇ. ಆದರೆ ಅದನ್ನು ಬೆಳೆಸಿರೋದು ಎಲೆಗೋಸ್ಕರ, ಗೆಡ್ಡೆ ಸಪ್ಪೆ.

ಹೂವಿನ ಆಸೆ ಇರುವವರಿಗೆ ಇನ್ನೊಂದು ಸಮಾಧಾನ. ಹಗಲು ಸಣ್ಣದಾಗುತ್ತಾ ಬಂದ ಮೇಲೆ ನಮ್ಮ ಗೆಣಸಿನಲ್ಲೂ ಅಲ್ಲೊಂದು ಇಲ್ಲೊಂದು ಹೂ ಬಿಟ್ಟಿತು. ತಿಳಿ ನೇರಳೆ, ಗಂಟಲಲ್ಲಿ ಗಾಢ ಬಣ್ಣ, ಮಾರ್ನಿಂಗ್ ಗ್ಲೋರಿಯದೇ ಆಕಾರ. ಎಲ್ಲಾ ಗೆಣಸೂ ಹೀಗೆ ಸಲೀಸಾಗಿ ಹೂ ಬಿಡೋದಿಲ್ಲ. ಹೊಸ ತಳಿ ಮಾಡುವವರು ಹೂ ತರಿಸೋಕೆ ಗೆಣಸಿನ ಕುಡಿಯನ್ನು ಮಾರ್ನಿಂಗ್ ಗ್ಲೋರಿಯ ಬುಡಕ್ಕೆ ಕಸಿ ಕಟ್ಟುತ್ತಾರೆ.

ನನ್ನ ಲೆಕ್ಕದಲ್ಲಿ ಬೀಜದ ಪ್ಯಾಕೆಟ್ಟಿಗೆ ಐದಕ್ಕೆ ಮೂರು, ಗೆಣಸಿಗೆ ನಾಲ್ಕೂವರೆ. ಅಗೆದ ದಿನವೇ ಬಳ್ಳಿಯ ತುದಿ ಕತ್ತರಿಸಿ ಹಿತ್ತಲಿನ ಬೇರೆ ಪಾತಿಗೆ ನೆಟ್ಟಿದ್ದೇನೆ, ಅದೇ ಜಾಗದಲ್ಲಿ ನೆಟ್ಟರೆ ಮೂತಿ ಹುಳು ಜಾಸ್ತಿ. ಶಿವರಾತ್ರಿ ಉಪವಾಸಕ್ಕೆ ಮನೆಯದೇ ಗೆಣಸು ಬೇಕು ಅನ್ನುವವರು ಈಗಲೇ ನೆಡಿ, ನಾಲ್ಕು ತಿಂಗಳು ಬೇಕು.